ಸುಂಕದ ಕಟ್ಟೆಯ ಒಡೆತನ: ನಿಂಟೆಂಡೊ ಮತ್ತು ಸೆಗಾ, 1983–2001

ಟಿ.ವಿ. ಪರದೆಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆಗೆ ಕನ್ಸೋಲ್ ಎಂದು ಹೆಸರು. ಈ ಪೆಟ್ಟಿಗೆಗಳನ್ನು ತಯಾರಿಸುವ ಕಂಪನಿಗಳ ಪೈಪೋಟಿಯನ್ನು ಯಂತ್ರಗಳ ಓಟದಂತೆ ವರ್ಣಿಸುವುದು ರೂಢಿಯಾಗಿದ್ದು, ಎಂಟು ಬಿಟ್‌ನ ಯಂತ್ರವನ್ನು ಹದಿನಾರು ಬಿಟ್‌ನದು ಹಿಂದಿಕ್ಕಿತು, ಅದನ್ನು ಮೂವತ್ತೆರಡು ಬಿಟ್‌ನದು ಹಿಂದಿಕ್ಕಿತು ಎಂಬ ಲೆಕ್ಕದಲ್ಲಿಯೇ ಹೆಚ್ಚಿನ ಬರಹಗಳು ಮುಗಿದುಹೋಗುತ್ತವೆ. ಬಿಟ್ ಎಂಬುದು ಪ್ರೊಸೆಸರ್ ಒಂದೇಟಿಗೆ ನಿಭಾಯಿಸಬಲ್ಲ ಮಾಹಿತಿಯ ಅಳತೆಯಾದುದರಿಂದ ಈ ಲೆಕ್ಕ ಪೂರ್ತಿ ಸುಳ್ಳಲ್ಲವಾದರೂ, ಜಾಹೀರಾತಿನ ಭಾಷೆಯೇ ಚರಿತ್ರೆಯ ಭಾಷೆಯಾಗಿ ಉಳಿದುಬಿಟ್ಟದ್ದಕ್ಕೆ ಇದೊಂದು ನಿದರ್ಶನವೆನ್ನಬೇಕು. ಆ ಕಾಲದ ಒಪ್ಪಂದಗಳೂ ನ್ಯಾಯಾಲಯದ ತೀರ್ಪುಗಳೂ ಹೇಳುವ ಕಥೆ ಬೇರೆಯಾಗಿದೆ. ಕನ್ಸೋಲಿನ ವ್ಯಾಪಾರದಲ್ಲಿ ಪೆಟ್ಟಿಗೆಯನ್ನು ಅತ್ಯಲ್ಪ ಲಾಭಕ್ಕೆ, ಎಷ್ಟೋ ಸಲ ನಷ್ಟಕ್ಕೂ ಮಾರಿ, ಅದರಲ್ಲಿ ಆಡುವ ಆಟಗಳಿಂದ ಹಣ ಗಳಿಸುವುದು ಪದ್ಧತಿ. ಆಟವನ್ನು ಬೇರೊಂದು ಕಂಪನಿ ರಚಿಸಿದ್ದರೂ ಮಾರಾಟವಾದ ಒಂದೊಂದು ಪ್ರತಿಯ ಮೇಲೂ ಪೆಟ್ಟಿಗೆಯ ಒಡೆಯನಿಗೆ ರಾಯಲ್ಟಿ ಎಂಬ ಪಾಲು ಸಲ್ಲಬೇಕು. ಹಿಂದಿನ ಕಾಲದಲ್ಲಿ ದಾರಿಯಲ್ಲಿ ಸರಕಿನ ಹೇರುಗಳನ್ನು ತಡೆದು ಸುಂಕ ಎತ್ತುತ್ತಿದ್ದ ಕಟ್ಟೆಗೆ ಈ ಏರ್ಪಾಟನ್ನು ಹೋಲಿಸಬಹುದು. ಆ ಕಟ್ಟೆ ಯಾರ ವಶದಲ್ಲಿರಬೇಕು, ಸುಂಕ ಎಷ್ಟಿರಬೇಕು, ಕಳ್ಳದಾರಿ ಹಿಡಿದವರನ್ನು ತಡೆಯುವುದು ಹೇಗೆ ಎಂಬುದೇ ಜಪಾನಿನ ನಿಂಟೆಂಡೊ ಮತ್ತು ಸೆಗಾ ಕಂಪನಿಗಳು ಸುಮಾರು ಹದಿನೆಂಟು ವರ್ಷ ನಡೆಸಿದ ಜಗಳದ ತಿರುಳು.

ಕಟ್ಟೆಯೇ ಇಲ್ಲದ ಕಾಲವೊಂದು ಇದಕ್ಕೆ ಮೊದಲು ಅಮೆರಿಕದಲ್ಲಿತ್ತು. 1976ರಲ್ಲಿ ಫೇರ್‌ಚೈಲ್ಡ್ ಕಂಪನಿಯು ಚಾನೆಲ್ ಎಫ್ ಎಂಬ ಯಂತ್ರದೊಂದಿಗೆ ಕಾರ್ಟ್ರಿಜ್ ಪದ್ಧತಿಯನ್ನು ಬಳಕೆಗೆ ತಂದಿತು. ಆಟದ ಪ್ರೋಗ್ರಾಮನ್ನು ಅಳಿಸಲಾಗದ ಚಿಪ್‌ನಲ್ಲಿ ತುಂಬಿ, ಪ್ಲಾಸ್ಟಿಕ್ ಕವಚದೊಳಗೆ ಕೂರಿಸಿ, ಬೇಕಾದಾಗ ಯಂತ್ರಕ್ಕೆ ಸಿಕ್ಕಿಸುವಂತೆ ಮಾಡಿದ ಈ ಬಿಡಿ ತುಂಡನ್ನೇ 1990ರ ದಶಕದ ಕರ್ನಾಟಕದ ಮಕ್ಕಳು ‘ಕ್ಯಾಸೆಟ್’ ಎಂದು ಕರೆದರು. ಮರುವರ್ಷ ಬಂದ ಅಟಾರಿ ಕಂಪನಿಯ ಯಂತ್ರವು ಕಾರ್ಟ್ರಿಜ್‌ಗಳ ಬಲದಿಂದ ಮಾರುಕಟ್ಟೆಯನ್ನು ಆಳಿತಾದರೂ, ತಮ್ಮ ಹೊರತು ಬೇರೆ ಯಾರಾದರೂ ಅದಕ್ಕೆ ಆಟ ಬರೆಯಬಹುದೆಂಬ ಯೋಚನೆ ಅದರ ಒಡೆಯರಿಗೆ ಬಂದಿರಲಿಲ್ಲ. ತಾವು ಬರೆದ ಆಟಗಳ ಮೇಲೆ ತಮ್ಮ ಹೆಸರಿಲ್ಲ, ಅವುಗಳ ಲಾಭದಲ್ಲಿ ತಮಗೆ ಪಾಲಿಲ್ಲ ಎಂದು ಬೇಸತ್ತ ನಾಲ್ವರು ಪ್ರೋಗ್ರಾಮರ್‌ಗಳು ಅಟಾರಿಯನ್ನು ಬಿಟ್ಟುಬಂದು 1979ರಲ್ಲಿ ಆಕ್ಟಿವಿಷನ್ ಎಂಬ ಕಂಪನಿಯನ್ನು ಕಟ್ಟಿಕೊಂಡು, ಅಟಾರಿಯ ಯಂತ್ರಕ್ಕೇ ಆಟಗಳನ್ನು ಮಾರತೊಡಗಿದರು. ಅಟಾರಿ ಹೂಡಿದ ದಾವೆಯು 1982ರಲ್ಲಿ ರಾಜಿಯಲ್ಲಿ ಮುಗಿದು, ರಾಯಲ್ಟಿ ತೆತ್ತರೆ ಹೊರಗಿನವರೂ ಆಟ ಮಾರಬಹುದು ಎಂಬುದು ಸ್ಥಿರಪಟ್ಟಿತು.

ರಾಜಿ ಕಾಗದದ ಮೇಲಿತ್ತೇ ಹೊರತು ಯಂತ್ರದೊಳಗೆ ಅದನ್ನು ಕಾಯುವ ಬೀಗವೇನೂ ಇರಲಿಲ್ಲವಾದುದರಿಂದ, ಆಟ ಬರೆಯಬಲ್ಲವರೂ ಬರೆಯಲಾರದವರೂ ಒಟ್ಟಿಗೆ ಮಾರುಕಟ್ಟೆಗೆ ನುಗ್ಗಿದರು. ಅಟಾರಿಯ ಸ್ವಂತ ಸರಕೂ ಮೇಲಾಗಿರಲಿಲ್ಲ: ‘ಇ.ಟಿ.’ ಚಲನಚಿತ್ರವನ್ನು ಆಧರಿಸಿದ ಆಟವನ್ನು 1982ರ ಕ್ರಿಸ್‌ಮಸ್ ಮಾರಾಟಕ್ಕೆಂದು ಐದಾರು ವಾರಗಳಲ್ಲಿ ಬರೆಸಲಾಯಿತು, ಮತ್ತು ಮಾರಾಟವಾಗದೆ ಉಳಿದ ಅದರ ಪ್ರತಿಗಳನ್ನು ಇತರ ಸರಕಿನೊಂದಿಗೆ 1983ರಲ್ಲಿ ನ್ಯೂ ಮೆಕ್ಸಿಕೊದ ಆಲಮೊಗೋರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂಳಲಾಯಿತು. ಕಟ್ಟುಕಥೆಯೆಂದು ಹಲವರು ನಂಬಿದ್ದ ಈ ಸಂಗತಿಯು 2014ರಲ್ಲಿ ಗುಂಡಿಯನ್ನು ಅಗೆದಾಗ ದಿಟವೆಂದು ತಿಳಿಯಿತು. ಅಮೆರಿಕದಲ್ಲಿ 1983ರಲ್ಲಿ ಸುಮಾರು 320 ಕೋಟಿ ಡಾಲರಿನಷ್ಟಿದ್ದ ಮನೆಯಾಟಗಳ ವಹಿವಾಟು 1985ರ ಹೊತ್ತಿಗೆ ಸುಮಾರು 10 ಕೋಟಿ ಡಾಲರಿಗೆ ಕುಸಿದಿತ್ತು ಎಂಬುದು ರೂಢಿಯಲ್ಲಿರುವ ಅಂದಾಜು. ಈ ಕುಸಿತದಿಂದ ಕ್ಯೋಟೊ ನಗರದ ಒಬ್ಬ ವ್ಯಾಪಾರಿ ಕಲಿತ ಪಾಠವೇ ಮುಂದಿನ ಹತ್ತು ವರ್ಷಗಳ ಕಾನೂನಾಯಿತು.

ಆ ವ್ಯಾಪಾರಿ ಹಿರೋಶಿ ಯಮಾವುಚಿ. ಹನಫುದ ಎಂಬ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ತಯಾರಿಸಲು 1889ರಲ್ಲಿ ಆರಂಭವಾದ ನಿಂಟೆಂಡೊವನ್ನು 1949ರಿಂದ ನಡೆಸುತ್ತಿದ್ದ ಆತ, ಆಟಿಕೆಗಳ ಮೂಲಕ ಎಲೆಕ್ಟ್ರಾನಿಕ್ ಆಟಗಳಿಗೆ ಬಂದು, 1983ರ ಜುಲೈ 15ರಂದು ಫ್ಯಾಮಿಲಿ ಕಂಪ್ಯೂಟರ್, ಅಂದರೆ ಫ್ಯಾಮಿಕಾಮ್, ಎಂಬ ಯಂತ್ರವನ್ನು 14,800 ಯೆನ್ ಬೆಲೆಗೆ ಜಪಾನಿನಲ್ಲಿ ಮಾರಾಟಕ್ಕಿಟ್ಟನು. ಅದೇ ದಿನ, ಹೆಚ್ಚುಕಡಿಮೆ ಅದೇ ಬೆಲೆಗೆ, ಟೋಕಿಯೊದ ಸೆಗಾ ಕಂಪನಿಯ ಎಸ್‌ಜಿ-1000 ಎಂಬ ಯಂತ್ರವೂ ಅಂಗಡಿಗೆ ಬಂದಿತು. ಸೆಗಾ ಎಂಬ ಹೆಸರು ‘ಸರ್ವಿಸ್ ಗೇಮ್ಸ್’ ಎಂಬುದರ ಮೊಟಕು ರೂಪ. ಅಮೆರಿಕದ ಸೇನಾನೆಲೆಗಳಿಗೆ ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಒದಗಿಸುತ್ತಿದ್ದ ವ್ಯಾಪಾರದಿಂದ ಹುಟ್ಟಿ, 1965ರಲ್ಲಿ ಡೇವಿಡ್ ರೋಸೆನ್ ಎಂಬ ಅಮೆರಿಕನ್ ಉದ್ಯಮಿಯ ಕಂಪನಿಯೊಂದಿಗೆ ವಿಲೀನಗೊಂಡು ಸೆಗಾ ಎಂಟರ್‌ಪ್ರೈಸಸ್ ಆಗಿದ್ದ ಅದಕ್ಕೆ ಆಟದ ಅಂಗಡಿಗಳ ದೊಡ್ಡ ಯಂತ್ರಗಳಲ್ಲಿ ಒಳ್ಳೆಯ ಹೆಸರಿತ್ತು. ಒಂದೇ ದಿನ ಕಣಕ್ಕಿಳಿದ ಇಬ್ಬರಲ್ಲಿ ಗೆದ್ದದ್ದು ಫ್ಯಾಮಿಕಾಮ್, ಮತ್ತು ಆ ಗೆಲುವು ಎಷ್ಟು ದೊಡ್ಡದಾಗಿತ್ತೆಂದರೆ ಸೆಗಾದ ಮೊದಲ ಯಂತ್ರವನ್ನು ಇಂದು ಸಂಗ್ರಾಹಕರಲ್ಲದೆ ಹೆಚ್ಚು ಜನ ನೆನೆಯುವುದಿಲ್ಲ.

ಫ್ಯಾಮಿಕಾಮನ್ನು ಅಮೆರಿಕಕ್ಕೆ ಒಯ್ಯುವಾಗ, ವಿಡಿಯೊ ಗೇಮ್ ಎಂಬ ಮಾತನ್ನು ಕೇಳಿದರೇ ಬಾಗಿಲು ಹಾಕಿಕೊಳ್ಳುತ್ತಿದ್ದ ಅಂಗಡಿಯವರನ್ನು ಒಲಿಸಲು ನಿಂಟೆಂಡೊ ಅದರ ರೂಪವನ್ನೂ ಹೆಸರನ್ನೂ ಬದಲಿಸಿತು. ನಿಂಟೆಂಡೊ ಎಂಟರ್‌ಟೇನ್‌ಮೆಂಟ್ ಸಿಸ್ಟಮ್, ಮೊಟಕಾಗಿ ಎನ್ಇಎಸ್, ಎಂಬ ಹೆಸರಿನಲ್ಲಿ 1985ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಮಾರಾಟಕ್ಕೆ ಬಂದ ಯಂತ್ರಕ್ಕೆ ವಿಸಿಆರ್‌ಗೆ ಕ್ಯಾಸೆಟ್ ತುಂಬುವಂತೆ ಮುಂಭಾಗದಿಂದ ಕಾರ್ಟ್ರಿಜ್ ತುಂಬಬೇಕಿತ್ತು. ಜೊತೆಗೊಂದು ಪುಟ್ಟ ರೋಬೋಟ್ ಬೊಂಬೆಯನ್ನೂ ಕೊಡಲಾಗುತ್ತಿತ್ತು. ಬೊಂಬೆ ಬಹುಬೇಗ ಮೂಲೆ ಸೇರಿತು. ಅದಕ್ಕಿಂತ ದೊಡ್ಡ ಬದಲಾವಣೆ ಯಾರ ಕಣ್ಣಿಗೂ ಬೀಳದಂತೆ ಒಳಗಡೆ ಅಡಗಿತ್ತು. ಯಂತ್ರದಲ್ಲಿ ಒಂದು, ಕಾರ್ಟ್ರಿಜ್‌ನಲ್ಲಿ ಒಂದು ಎಂದು ಎರಡು ಪುಟ್ಟ ಚಿಪ್‌ಗಳನ್ನು ಇಟ್ಟು, ಅವೆರಡೂ ಒಂದೇ ಗುಪ್ತ ಲೆಕ್ಕವನ್ನು ಒಂದೇ ಗತಿಯಲ್ಲಿ ಮಾಡುತ್ತ ಪರಸ್ಪರ ತಾಳೆ ನೋಡಿಕೊಳ್ಳುವಂತೆ ಮಾಡಲಾಗಿತ್ತು; ತಾಳೆ ತಪ್ಪಿದರೆ, ಅಥವಾ ಕಾರ್ಟ್ರಿಜ್‌ನಲ್ಲಿ ಜೋಡಿ ಚಿಪ್ ಇಲ್ಲದಿದ್ದರೆ, ಯಂತ್ರ ಸೆಕೆಂಡಿಗೊಮ್ಮೆ ಮತ್ತೆ ಮೊದಲಿನಿಂದ ಆರಂಭವಾಗುತ್ತ ಆಟವನ್ನು ಆಡಗೊಡುತ್ತಲೇ ಇರಲಿಲ್ಲ. 10ಎನ್ಇಎಸ್ ಎಂಬ ಹೆಸರಿನ ಈ ಬೀಗ ಅಟಾರಿಯ ಕಾಲದ ಕಾಗದದ ರಾಜಿಯನ್ನು ಸಿಲಿಕಾನಿಗೆ ಇಳಿಸಿತೆನ್ನಬಹುದು.

ಬೀಗದ ಹಿಂದೆ ಪರವಾನಗಿಯ ಷರತ್ತುಗಳಿದ್ದವು. ಆಟಗಳನ್ನು ಪ್ರಕಟಿಸಬಯಸುವ ಕಂಪನಿಯೊಂದು ಅಮೆರಿಕದಲ್ಲಿ ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ತರುವಂತಿರಲಿಲ್ಲ. ತಂದ ಆಟವನ್ನು ಎರಡು ವರ್ಷ ಬೇರಾವ ಯಂತ್ರಕ್ಕೂ ಕೊಡುವಂತಿರಲಿಲ್ಲ. ಕಾರ್ಟ್ರಿಜ್‌ಗಳನ್ನು ನಿಂಟೆಂಡೊ ಒಂದೇ ತಯಾರಿಸುತ್ತಿದ್ದು, ಕನಿಷ್ಠ ಇಷ್ಟು ಪ್ರತಿಗಳೆಂದು ಮುಂಗಡ ಹಣ ಕಟ್ಟಿ ಬೇಡಿಕೆ ಸಲ್ಲಿಸಬೇಕಾಗಿತ್ತು, ಮಾರಾಟವಾಗದೆ ಉಳಿದರೆ ನಷ್ಟ ಪ್ರಕಾಶಕನದು. 1988ರಲ್ಲಿ ಚಿಪ್‌ಗಳ ಅಭಾವ ತಲೆದೋರಿದಾಗ ಯಾರಿಗೆ ಎಷ್ಟು ಕಾರ್ಟ್ರಿಜ್ ಸಿಗಬೇಕೆಂಬುದನ್ನೂ ನಿಂಟೆಂಡೊವೇ ನಿರ್ಧರಿಸಿತು, ಮತ್ತು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯ ಅರ್ಥ ಅಮೆರಿಕದ ಪ್ರಕಾಶಕರಿಗೆ ಚೆನ್ನಾಗಿಯೇ ಆಯಿತು. ಕೊನಾಮಿ ಕಂಪನಿಯು ಐದರ ಮಿತಿಯನ್ನು ದಾಟಲು ಅಲ್ಟ್ರಾ ಗೇಮ್ಸ್ ಎಂಬ ಇನ್ನೊಂದು ಹೆಸರನ್ನು ಇಟ್ಟುಕೊಂಡಿತು. ಆ ಜಾಣತನಕ್ಕೆ ನಿಂಟೆಂಡೊ ಕಣ್ಣುಮುಚ್ಚಿಕೊಂಡಿತು. ಕಳಪೆ ಸರಕು ಮಾರುಕಟ್ಟೆಯನ್ನು ಮತ್ತೊಮ್ಮೆ ಕೆಡಿಸದಿರಲೆಂದು ಈ ನಿಯಮಗಳೆಂಬುದು ಕಂಪನಿಯ ಸಮಜಾಯಿಷಿಯಾಗಿತ್ತು. ಅದರಲ್ಲಿ ಹುರುಳಿತ್ತೆಂಬುದನ್ನು ಒಪ್ಪಲೇಬೇಕಾದರೂ, ಎರಡು ವರ್ಷಗಳ ಷರತ್ತಿಗೂ ಗುಣಮಟ್ಟಕ್ಕೂ ಯಾವ ಸಂಬಂಧವನ್ನೂ ತೋರಿಸುವುದು ಕಷ್ಟ. ಸೆಗಾದ ಮಾಸ್ಟರ್ ಸಿಸ್ಟಮ್ ಎಂಬ ಯಂತ್ರ ಅಮೆರಿಕದಲ್ಲಿ ಸೊರಗಿದ್ದಕ್ಕೆ ಮುಖ್ಯ ಕಾರಣ ಆ ಷರತ್ತೇ ಆಗಿತ್ತು; ನಿಂಟೆಂಡೊ ಹಿಡಿತ ಸಡಿಲವಾಗಿದ್ದ ಬ್ರೆಜಿಲ್‌ನಲ್ಲಿ ಟೆಕ್‌ಟಾಯ್ ಕಂಪನಿಯ ಮೂಲಕ ಅದೇ ಯಂತ್ರ ಮನೆಮಾತಾಯಿತು.

ಬೀಗವನ್ನು ಮುರಿಯಲು ಮುಂದಾದದ್ದು ಹಳೆಯ ಅಟಾರಿಯ ವಂಶದ್ದೇ ಆದ ಕಂಪನಿ. 1984ರಲ್ಲಿ ಎರಡಾಗಿ ಒಡೆದ ಅಟಾರಿಯಲ್ಲಿ ಅಂಗಡಿಯಾಟಗಳ ಭಾಗವಾಗಿದ್ದ ಅಟಾರಿ ಗೇಮ್ಸ್, ಟೆಂಗೆನ್ ಎಂಬ ಅಂಗಸಂಸ್ಥೆಯ ಹೆಸರಿನಲ್ಲಿ ಮೊದಲು ನಿಂಟೆಂಡೊ ಪರವಾನಗಿಯನ್ನೇ ಪಡೆದಿತ್ತು. (ಎರಡು ಹೆಸರುಗಳೂ ಕಪ್ಪು ಬಿಳಿ ಕಾಯಿಗಳನ್ನಿಟ್ಟು ಆಡುವ ಗೋ ಎಂಬ ಜಪಾನಿ ಆಟದವು: ಅಟಾರಿ ಎಂದರೆ ಇನ್ನೊಂದೇ ನಡೆಯಲ್ಲಿ ಸೆರೆಯಾಗಲಿರುವ ಕಾಯಿಯ ಸ್ಥಿತಿ, ಟೆಂಗೆನ್ ಎಂದರೆ ಮಣೆಯ ನಟ್ಟನಡುವಿನ ಬಿಂದು.) ಷರತ್ತುಗಳು ಒಗ್ಗದೆ, ಚಿಪ್‌ನ ಗುಟ್ಟನ್ನೂ ತಾನಾಗಿ ಬಿಡಿಸಲಾರದೆ, ಅಟಾರಿ ಗೇಮ್ಸ್ ಪರವಾಗಿ ವಕೀಲರು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ನಿಂಟೆಂಡೊ ನೋಂದಾಯಿಸಿದ್ದ ಪ್ರೋಗ್ರಾಮಿನ ಪ್ರತಿಯನ್ನು, ತಮ್ಮ ಕಕ್ಷಿಯ ಮೇಲೆ ದಾವೆ ನಡೆಯುತ್ತಿದೆಯೆಂಬ ಸುಳ್ಳು ಹೇಳಿಕೆಯ ಆಧಾರದ ಮೇಲೆ ಪಡೆದುಕೊಂಡರು. ಆಗ ಅಂತಹ ದಾವೆ ಇರಲಿಲ್ಲ, ಬಳಿಕ ಬಂದಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯವು ಚಿಪ್ಪನ್ನು ಬಿಚ್ಚಿ ಅದರ ಕೆಲಸದ ರೀತಿಯನ್ನು ಅರಿಯುವುದು ತನ್ನಷ್ಟಕ್ಕೆ ತಪ್ಪಲ್ಲವೆಂದು ಹೇಳಿಯೂ, ಪ್ರತಿಯನ್ನು ಮೋಸದಿಂದ ಪಡೆದದ್ದರಿಂದ ಅಟಾರಿ ಗೇಮ್ಸ್‌ಗೆ ವಿರುದ್ಧವಾಗಿ ತೀರ್ಮಾನಿಸಿತು. ಈ ತೀರ್ಪಿನ ಮೊದಲ ಅರ್ಧ ಮುಂದೆ ಸೆಗಾಕ್ಕೆ ಮುಳುವಾಯಿತು.

ಬೀಗವಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಏಷ್ಯಾದಲ್ಲಿಯೇ ಇತ್ತು, ಏಕೆಂದರೆ ಜಪಾನಿನ ಮೂಲ ಫ್ಯಾಮಿಕಾಮ್‌ನಲ್ಲಿ ಆ ಚಿಪ್ ಇರಲಿಲ್ಲ. ತೈವಾನ್ ಮತ್ತು ಚೀನಾದ ಕಾರ್ಖಾನೆಗಳು ಅದನ್ನು ನಕಲು ಮಾಡಿದ ಯಂತ್ರಗಳನ್ನು ಲೆಕ್ಕವಿಲ್ಲದಷ್ಟು ತಯಾರಿಸಿ ಹರಡಿದವು. ರಷ್ಯಾದಲ್ಲಿ 1992ರ ಕೊನೆಯಿಂದ ಇದೇ ಬಗೆಯ ಯಂತ್ರ ಡೆಂಡಿ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಭಾರತದ ಮನೆಗಳಿಗೆ, ಕರ್ನಾಟಕದ ಪಟ್ಟಣಗಳ ಮನೆಗಳಿಗೂ, ‘ಟಿವಿ ಗೇಮ್’ ಎಂಬ ಹೆಸರಿನಲ್ಲಿ ಬಂದದ್ದೂ ಬಹುಮಟ್ಟಿಗೆ ಇವೇ ನಕಲುಗಳು. ಒಂದೇ ಕ್ಯಾಸೆಟ್‌ನಲ್ಲಿ 9,999 ಆಟಗಳಿವೆಯೆಂದು ಮುಚ್ಚಳದ ಮೇಲೆ ಅಚ್ಚಾಗಿರುತ್ತಿದ್ದು, ಆಡಿ ನೋಡಿದರೆ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಎದುರಾಗುತ್ತಿದ್ದವು. ಮಾರಿಯೊ ಮತ್ತು ಕಾಂಟ್ರಾ ಆಟಗಳನ್ನು ಬಾಯಿಪಾಠದಂತೆ ಆಡಬಲ್ಲ ಒಂದು ತಲೆಮಾರು ಹೀಗೆ ಬೆಳೆದರೂ, ಅವರ ಖರ್ಚಿನಿಂದ ಕ್ಯೋಟೊಗೆ ಒಂದು ಯೆನ್ ಕೂಡ ಸಂದಿರಲಾರದು. ಸೆಗಾ 1990ರ ದಶಕದ ನಡುವೆ, ಮದ್ಯದ ವ್ಯಾಪಾರಕ್ಕೆ ಹೆಸರಾಗಿದ್ದ ಶಾ ವಾಲೇಸ್ ಕಂಪನಿಯ ಮೂಲಕ ಭಾರತಕ್ಕೆ ಅಧಿಕೃತವಾಗಿಯೇ ಬಂದಿತಾದರೂ, ಅದರ ಬೆಲೆ ಮಧ್ಯಮ ವರ್ಗದ ಕೈಗೆಟುಕುವಂತಿರಲಿಲ್ಲ.

ಸೆಗಾದ ಅದೃಷ್ಟ ತೆರೆದದ್ದು 1988ರ ಅಕ್ಟೋಬರಿನಲ್ಲಿ ಜಪಾನಿಗೂ ಮರುವರ್ಷ ಜೆನೆಸಿಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೂ ಬಂದ ಮೆಗಾ ಡ್ರೈವ್ ಎಂಬ ಹದಿನಾರು ಬಿಟ್‌ನ ಯಂತ್ರದಿಂದ. ಬಾರ್ಬಿ ಬೊಂಬೆಯ ಮ್ಯಾಟೆಲ್ ಕಂಪನಿಯನ್ನು ನಡೆಸಿ ಬಂದಿದ್ದ ಟಾಮ್ ಕಲಿನ್ಸ್ಕೆ 1990ರಲ್ಲಿ ಅಮೆರಿಕದ ಸೆಗಾಕ್ಕೆ ಮುಖ್ಯಸ್ಥನಾಗಿ, ಯಂತ್ರದ ಬೆಲೆಯನ್ನು ಇಳಿಸಬೇಕು, ಅತ್ಯುತ್ತಮ ಆಟವನ್ನು ಯಂತ್ರದೊಂದಿಗೆ ಪುಕ್ಕಟೆಯಾಗಿ ಕೊಡಬೇಕು ಎಂಬ ಸಲಹೆಯನ್ನು ಟೋಕಿಯೊದ ಮುಂದಿಟ್ಟಾಗ, ಆಟಗಳಿಂದಲೇ ಬದುಕುವ ವ್ಯಾಪಾರದಲ್ಲಿ ಇದು ಹುಚ್ಚುತನವೆಂದು ಅಲ್ಲಿನವರಿಗೆ ತೋರಿತು. ಆದರೂ ಅಧ್ಯಕ್ಷ ಹಯಾವೊ ನಕಾಯಾಮಾ ಅದಕ್ಕೆ ಒಪ್ಪಿದನು. 1991ರ ಜೂನ್‌ನಲ್ಲಿ ಬಂದ, ನೀಲಿ ಮುಳ್ಳುಹಂದಿಯೊಂದು ನಾಯಕನಾಗಿರುವ ‘ಸೋನಿಕ್ ದ ಹೆಜ್‌ಹಾಗ್’ ಆ ಉಡುಗೊರೆಯಾಯಿತು. ಆ ಆಗಸ್ಟ್‌ನಲ್ಲಿ ನಿಂಟೆಂಡೊ ತನ್ನ ಹದಿನಾರು ಬಿಟ್‌ನ ಸೂಪರ್ ನಿಂಟೆಂಡೊವನ್ನು 199 ಡಾಲರಿಗೆ ಅಮೆರಿಕಕ್ಕೆ ತಂದಾಗ ಸೆಗಾದ ಯಂತ್ರ 149 ಡಾಲರಿಗೆ ಸಿಗುತ್ತಿತ್ತು.

ಬೆಲೆ, ಮುಳ್ಳುಹಂದಿ, ಎದುರಾಳಿಯನ್ನು ಹೆಸರಿಟ್ಟು ಹಂಗಿಸುವ ಜಾಹೀರಾತು ಇವೆಲ್ಲ ಜನಪ್ರಿಯ ಕಥನಗಳಲ್ಲಿ ಸಾಕಷ್ಟು ಬಂದಿವೆ. ಅವುಗಳಷ್ಟೇ ಮುಖ್ಯವಾದ ಘಟನೆಯೊಂದು ಕ್ಯಾಲಿಫೋರ್ನಿಯಾದ ಒಂದು ಕೋಣೆಯಲ್ಲಿ ಸದ್ದಿಲ್ಲದೆ ನಡೆದಿತ್ತು. ಟ್ರಿಪ್ ಹಾಕಿನ್ಸ್ ಸ್ಥಾಪಿಸಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯು ಸೆಗಾದ ಯಂತ್ರವನ್ನು ಬಿಚ್ಚಿ, ಅದಕ್ಕೆ ಆಟ ಬರೆಯುವ ವಿಧಾನವನ್ನು ಸೆಗಾದ ನೆರವಿಲ್ಲದೆ ತಾನೇ ಕಂಡುಕೊಂಡು, ಪರವಾನಗಿಯಿಲ್ಲದೆ ಆಟಗಳನ್ನು ಮಾರುವ ಸಿದ್ಧತೆ ಮುಗಿಸಿಯೇ ಮಾತುಕತೆಗೆ ಕುಳಿತಿತು. ದಾವೆ ಹೂಡಿದರೆ ಗುಟ್ಟು ಎಲ್ಲರಿಗೂ ತಿಳಿಯುತ್ತದೆ, ಒಪ್ಪಿದರೆ ಒಳ್ಳೆಯ ಆಟಗಳು ದೊರೆಯುತ್ತವೆ ಎಂಬ ಇಕ್ಕಟ್ಟಿನಲ್ಲಿ ಸಿಲುಕಿದ ಸೆಗಾ, 1990ರಲ್ಲಿ ರೂಢಿಯ ದರಕ್ಕಿಂತ ತೀರ ಕಡಿಮೆ ರಾಯಲ್ಟಿಗೆ ಒಪ್ಪಿ, ಕಾರ್ಟ್ರಿಜ್‌ಗಳನ್ನು ತಾನೇ ತಯಾರಿಸಿಕೊಳ್ಳುವ ಹಕ್ಕನ್ನೂ ಆ ಕಂಪನಿಗೆ ಬಿಟ್ಟುಕೊಟ್ಟಿತು. ಜಾನ್ ಮ್ಯಾಡನ್ ಹೆಸರಿನ ಅಮೆರಿಕನ್ ಫುಟ್‌ಬಾಲ್ ಆಟ ಮೊದಲುಗೊಂಡು ಎಲೆಕ್ಟ್ರಾನಿಕ್ ಆರ್ಟ್ಸ್ ತಂದ ಕ್ರೀಡೆಯ ಆಟಗಳು, ಮಕ್ಕಳ ಆಟಿಕೆಯಾಗಿದ್ದ ಕನ್ಸೋಲನ್ನು ಕಾಲೇಜು ಹುಡುಗರ ಕೋಣೆಗೆ ಒಯ್ದವು. ಸೆಗಾ ಒತ್ತಾಯಕ್ಕೆ ಮಣಿದು ಮಾಡಿದ ಈ ರಾಜಿ ಅದರ ಅತ್ಯಂತ ಲಾಭದಾಯಕ ವ್ಯವಹಾರವಾಯಿತೆಂಬುದು ವಿಚಿತ್ರವಾದರೂ ನಿಜ.

ಆದರೆ ಒಮ್ಮೆ ಸುಂಕದ ರುಚಿ ಹತ್ತಿದ ಸೆಗಾ ಕೂಡ ಬೀಗ ಹಾಕುವುದನ್ನು ಬಿಡಲಿಲ್ಲ. ಕಾರ್ಟ್ರಿಜ್‌ನೊಳಗೆ ನಿರ್ದಿಷ್ಟ ಜಾಗದಲ್ಲಿ ‘ಸೆಗಾ’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದರೆ ಮಾತ್ರ ಆರಂಭವಾಗುವಂತೆ ಯಂತ್ರವನ್ನು ತಿದ್ದಲಾಯಿತು. ಅಕ್ಷರಗಳು ಸಿಕ್ಕೊಡನೆ, ಇದು ಸೆಗಾದ ಪರವಾನಗಿ ಪಡೆದ ಆಟವೆಂಬ ಘೋಷಣೆ ತಾನಾಗಿಯೇ ಪರದೆಯ ಮೇಲೆ ಮೂಡುತ್ತಿತ್ತು. ಪರವಾನಗಿಯಿಲ್ಲದವನು ಆ ಅಕ್ಷರಗಳನ್ನು ಬಳಸಿದರೆ ಟ್ರೇಡ್‌ಮಾರ್ಕ್ ಕದ್ದ ಆರೋಪ ಹೊರಿಸಬಹುದೆಂಬ ಉಪಾಯವಿದು. ಅಕೊಲೇಡ್ ಎಂಬ ಸಣ್ಣ ಕಂಪನಿಯ ಮೇಲೆ ಸೆಗಾ ಹೂಡಿದ ದಾವೆಯಲ್ಲಿ 1992ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಾಲಯವು, ಯಂತ್ರಕ್ಕೆ ಹೊಂದುವ ಆಟ ಬರೆಯುವ ಉದ್ದೇಶದಿಂದ ಪ್ರೋಗ್ರಾಮನ್ನು ಬಿಚ್ಚಿ ನೋಡುವುದು ನ್ಯಾಯೋಚಿತ ಬಳಕೆಯೇ ಎಂದೂ, ದಾರಿತಪ್ಪಿಸುವ ಘೋಷಣೆ ಪರದೆಯ ಮೇಲೆ ಮೂಡಲು ಸೆಗಾದ ಯಂತ್ರವೇ ಕಾರಣವೆಂದೂ ತೀರ್ಪಿತ್ತಿತು. ಸಾಫ್ಟ್‌ವೇರ್ ಕಾನೂನಿನಲ್ಲಿ ಇಂದಿಗೂ ಉಲ್ಲೇಖವಾಗುವ ಈ ತೀರ್ಪಿನಲ್ಲಿ ಗೆದ್ದ ಅಕೊಲೇಡ್, ಮರುವರ್ಷ ರಾಜಿ ಮಾಡಿಕೊಂಡು ಸೆಗಾದ ಪರವಾನಗಿಯನ್ನೇ ಪಡೆಯಿತು.

ನಿಂಟೆಂಡೊ ಹಿಡಿತವೂ ಇದೇ ಅವಧಿಯಲ್ಲಿ ಸಡಿಲಗೊಂಡಿತು. ಅಂಗಡಿಗಳು ನಿಗದಿತ ಬೆಲೆಗಿಂತ ಇಳಿಸದಂತೆ ಒತ್ತಡ ತಂದಿತೆಂಬ ಆರೋಪದ ಮೇಲೆ ಅಮೆರಿಕದ ಸರ್ಕಾರಿ ಅಧಿಕಾರಿಗಳೊಡನೆ 1991ರಲ್ಲಿ ಆದ ರಾಜಿಯ ಪ್ರಕಾರ ಅದು ಗ್ರಾಹಕರಿಗೆ ತಲಾ ಐದು ಡಾಲರಿನ ಕೂಪನ್ ಕೊಡಬೇಕಾಯಿತು. ಆ ಕೂಪನ್ ನಿಂಟೆಂಡೊ ಆಟವನ್ನು ಕೊಳ್ಳಲು ಮಾತ್ರ ನಡೆಯುವಂಥದ್ದಾಗಿದ್ದರಿಂದ, ದಂಡವೇ ವ್ಯಾಪಾರವಾದ ಉದಾಹರಣೆಗಳಲ್ಲಿ ಇದಕ್ಕೊಂದು ಸ್ಥಾನ ಸಲ್ಲಬೇಕು. ಎರಡು ವರ್ಷಗಳ ಷರತ್ತು ಸಡಿಲವಾದ ಮೇಲೆ ಒಂದೇ ಆಟ ಎರಡೂ ಯಂತ್ರಗಳಿಗೆ ಬರತೊಡಗಿ, ಹೋಲಿಕೆ ಅನಿವಾರ್ಯವಾಯಿತು. 1993ರ ಸೆಪ್ಟೆಂಬರಿನಲ್ಲಿ ಬಂದ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಕಾದಾಟದ ಆಟದಲ್ಲಿ ನಿಂಟೆಂಡೊ ರಕ್ತವನ್ನು ಬೂದು ಬಣ್ಣದ ಬೆವರಾಗಿ ಮಾರ್ಪಡಿಸಿದರೆ, ಸೆಗಾ ಒಂದು ಗುಪ್ತ ಸಂಕೇತ ಒತ್ತಿದರೆ ರಕ್ತ ಹರಿಯುವಂತೆ ಬಿಟ್ಟುಕೊಟ್ಟಿತು. ಹೆಚ್ಚು ಮಾರಾಟವಾದದ್ದು ಸೆಗಾದ್ದೇ. ಆ ಡಿಸೆಂಬರಿನಲ್ಲಿ ಸೆನೆಟರ್ ಜೋಸೆಫ್ ಲೀಬರ್‌ಮನ್ ನಡೆಸಿದ ವಿಚಾರಣೆಯಲ್ಲಿ ಎರಡೂ ಕಂಪನಿಗಳ ಪ್ರತಿನಿಧಿಗಳು ಪರಸ್ಪರ ಬೆರಳು ತೋರಿಸಿದ್ದಕ್ಕೆ ಫಲವಾಗಿ 1994ರಲ್ಲಿ ಆಟಗಳಿಗೆ ವಯೋಮಿತಿ ಗೊತ್ತುಮಾಡುವ ಮಂಡಳಿ ಹುಟ್ಟಿತು, ಮತ್ತು ಮಾರ್ಟಲ್ ಕಾಂಬ್ಯಾಟ್‌ನ ಎರಡನೆಯ ಭಾಗದಲ್ಲಿ ನಿಂಟೆಂಡೊ ಕೂಡ ರಕ್ತಕ್ಕೆ ಅಡ್ಡಿ ಮಾಡಲಿಲ್ಲ.

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭವಾದದ್ದು ಕೂಡ ಕಟ್ಟೆಯ ಒಡೆತನದ ಪ್ರಶ್ನೆಯಿಂದಲೇ. ಸೂಪರ್ ನಿಂಟೆಂಡೊಗೆ ಧ್ವನಿಯ ಚಿಪ್ ರೂಪಿಸಿದ್ದ ಸೋನಿಯ ಎಂಜಿನಿಯರ್ ಕೆನ್ ಕುತರಾಗಿಯ ಒತ್ತಾಸೆಯಿಂದ, ಆ ಯಂತ್ರಕ್ಕೆ ಸಿಡಿಯ ಜೋಡಣೆಯನ್ನು ಸೋನಿ ತಯಾರಿಸುವ ಒಪ್ಪಂದ 1988ರಲ್ಲಿ ಆಗಿತ್ತು. ಸಿಡಿಯಲ್ಲಿ ಬರುವ ಆಟಗಳಿಗೆ ಪರವಾನಗಿ ನೀಡುವ ಅಧಿಕಾರ ಆ ಒಪ್ಪಂದದ ಪ್ರಕಾರ ಸೋನಿಯ ಕೈ ಸೇರುತ್ತಿತ್ತೆಂಬುದು ಯಮಾವುಚಿಗೆ ಮನವರಿಕೆಯಾದ ಮೇಲೆ, 1991ರ ಜೂನ್‌ನಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಸೋನಿ ತನ್ನ ಯಂತ್ರವನ್ನು ಘೋಷಿಸಿದ ಮರುದಿನವೇ, ನಿಂಟೆಂಡೊ ಅದೇ ಪ್ರದರ್ಶನದಲ್ಲಿ ಸೋನಿಯ ಎದುರಾಳಿಯಾದ ಫಿಲಿಪ್ಸ್ ಜೊತೆಗಿನ ಒಪ್ಪಂದವನ್ನು ಘೋಷಿಸಿತು. ಅವಮಾನಗೊಂಡ ಸೋನಿ 1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಎಂಬ ಸ್ವಂತ ಯಂತ್ರವನ್ನು ತಂದಿತು. ಸೋನಿಯೂ ಬೀಗ ಹಾಕಿತ್ತು, ಸುಂಕವನ್ನೂ ಎತ್ತುತ್ತಿತ್ತು. ಆದರೆ ಕಾರ್ಟ್ರಿಜ್‌ಗಿಂತ ಬಹಳ ಅಗ್ಗವಾಗಿ, ಬೇಡಿಕೆ ಬಂದ ಕೆಲವೇ ದಿನಗಳಲ್ಲಿ ಡಿಸ್ಕ್‌ಗಳನ್ನು ಅಚ್ಚೊತ್ತಿ ಕೊಡಬಲ್ಲ ಸಂಗೀತದ ಕಂಪನಿಯೊಂದು ಅದರ ಮನೆಯಲ್ಲಿಯೇ ಇದ್ದುದರಿಂದ, ಪ್ರಕಾಶಕರಿಗೆ ಈ ದಾರಿ ಹಗುರವಾಯಿತು. 1989ರಲ್ಲಿ ನಿಂಟೆಂಡೊ ತನ್ನ ವಿಶೇಷ ರಿಯಾಯಿತಿಯನ್ನು ಮುಂದುವರಿಸಲಿಲ್ಲವೆಂದು ಮುನಿದಿದ್ದ ನಾಮ್ಕೊ ಕಂಪನಿ ‘ರಿಡ್ಜ್ ರೇಸರ್’ ಆಟವನ್ನು ಪ್ಲೇಸ್ಟೇಷನ್ ಬಿಡುಗಡೆಯ ದಿನವೇ ಕೊಟ್ಟಿತು. ನಿಂಟೆಂಡೊ 1996ರ ತನ್ನ ಹೊಸ ಯಂತ್ರಕ್ಕೂ ಕಾರ್ಟ್ರಿಜ್ ಪದ್ಧತಿಯನ್ನೇ ಉಳಿಸಿಕೊಂಡಾಗ ಸ್ಕ್ವೇರ್ ಕಂಪನಿಯು ‘ಫೈನಲ್ ಫ್ಯಾಂಟಸಿ’ಯ ಏಳನೆಯ ಭಾಗದೊಂದಿಗೆ ಸೋನಿಯ ಕಡೆ ಸರಿಯಿತು. ಪ್ಲೇಸ್ಟೇಷನ್ 10 ಕೋಟಿಗೂ ಹೆಚ್ಚು, ನಿಂಟೆಂಡೊ 64 ಸುಮಾರು 3.3 ಕೋಟಿ, ಸೆಗಾದ ಸ್ಯಾಟರ್ನ್ ಸುಮಾರು 90 ಲಕ್ಷ ಮಾರಾಟವಾದವು.

ಸ್ಯಾಟರ್ನ್‌ನ ಸೋಲನ್ನು ಸೆಗಾ ತನ್ನ ಕೈಯಾರೆ ತಂದುಕೊಂಡಿತು. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್ ಪ್ರದರ್ಶನದಲ್ಲಿ ಅದು, ಸೆಪ್ಟೆಂಬರಿಗೆ ಬರಬೇಕಾಗಿದ್ದ ಯಂತ್ರ ಅಂದೇ ಕೆಲವು ಆಯ್ದ ಅಂಗಡಿಗಳಲ್ಲಿ 399 ಡಾಲರಿಗೆ ಸಿಗುತ್ತದೆಯೆಂದು ಪ್ರಕಟಿಸಿತು. ಆಯ್ಕೆಯಾಗದ ಅಂಗಡಿಯವರು ಸಿಟ್ಟಾದರು, ಆಟಗಳನ್ನು ಸೆಪ್ಟೆಂಬರಿಗೆಂದು ಸಿದ್ಧಪಡಿಸುತ್ತಿದ್ದ ಪ್ರಕಾಶಕರು ಕೈಕೈ ಹಿಸುಕಿಕೊಂಡರು, ಮತ್ತು ಅಂದೇ ಸೋನಿಯ ಪ್ರತಿನಿಧಿ ವೇದಿಕೆಯೇರಿ 299 ಎಂಬ ಒಂದೇ ಸಂಖ್ಯೆಯನ್ನು ಹೇಳಿ ಕೆಳಗಿಳಿದನು. 1998ರಲ್ಲಿ ಬಂದ ಡ್ರೀಮ್‌ಕ್ಯಾಸ್ಟ್ ಒಳ್ಳೆಯ ಯಂತ್ರವಾಗಿದ್ದರೂ, ಒಂದು ಕಾಲಕ್ಕೆ ಸೆಗಾದಿಂದ ಅತ್ಯಂತ ಅನುಕೂಲದ ಷರತ್ತುಗಳನ್ನು ಪಡೆದಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್ ಅದಕ್ಕೊಂದು ಆಟವನ್ನೂ ಕೊಡಲಿಲ್ಲ. ಸಂಗೀತದ ಡಿಸ್ಕ್‌ಗಳಿಗೆಂದು ಬಿಟ್ಟಿದ್ದ ಒಂದು ಕಿಂಡಿಯಿಂದ ಬೀಗವೂ ಸೋತು, 2000ನೇ ವರ್ಷದಲ್ಲಿ ಮನೆಯಲ್ಲೇ ನಕಲು ಮಾಡಿದ ಸಿಡಿಗಳು ಅದರಲ್ಲಿ ನಡೆಯತೊಡಗಿದವು. 2001ರ ಜನವರಿ 31ರಂದು ಸೆಗಾ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಮಾರ್ಚ್‌ನಲ್ಲಿ ತೀರಿಕೊಂಡ ಅದರ ಅಧ್ಯಕ್ಷ ಇಸಾವೊ ಒಕಾವಾ, ಸಾಯುವ ಮುನ್ನ ಸುಮಾರು 8,500 ಕೋಟಿ ಯೆನ್ ಬೆಲೆಯ ತನ್ನ ಸ್ವಂತ ಆಸ್ತಿಯನ್ನು ಕಂಪನಿಗೆ ಬಿಟ್ಟುಕೊಟ್ಟು ಅದು ಮುಳುಗದಂತೆ ನೋಡಿಕೊಂಡಿದ್ದನು. ಆ ವರ್ಷದ ಡಿಸೆಂಬರ್ 20ರಂದು ಜಪಾನಿನ ಅಂಗಡಿಗಳಿಗೆ ಸೋನಿಕ್‌ನ ಎರಡು ಆಟಗಳು ಬಂದವು, ಒಂದು ಗೇಮ್‌ಕ್ಯೂಬ್ ಯಂತ್ರಕ್ಕೆ, ಇನ್ನೊಂದು ಗೇಮ್ ಬಾಯ್ ಅಡ್ವಾನ್ಸ್‌ಗೆ. ಎರಡೂ ನಿಂಟೆಂಡೊ ಯಂತ್ರಗಳು. ಎರಡಕ್ಕೂ ಸೆಗಾ ಪರವಾನಗಿ ಪಡೆದಿತ್ತು.